ಆರ್‌ಸಿ ಬೈಪ್ಲೇನ್: ಫೋಮ್, ಎಆರ್‌ಎಫ್, ಬಾಲ್ಸಾ ಕಿಟ್, ಫೋಮ್‌ಬೋರ್ಡ್ – ಯಾವುದು ಯಾರಿಗೆ?

ರೇಡಿಯೊ ಕಂಟ್ರೋಲ್ (ಆರ್‌ಸಿ) ಬೈಪ್ಲೇನ್, ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಗಳಿರುವ ಮಾಡೆಲ್ ವಿಮಾನ, ಬೇಕೆಂದು ಹೊರಟವರ ಮುಂದೆ ನಾಲ್ಕು ದಾರಿಗಳಿವೆ. ಪೆಟ್ಟಿಗೆ ಬಿಚ್ಚಿದ ಸಂಜೆಯೇ ಜೋಡಿಸಿ ಮುಗಿಸಬಹುದಾದ ಫೋಮ್ ಮಾಡೆಲ್ ಒಂದು. ಬಾಲ್ಸಾ ಎಂಬ ಹಗುರ ಮರದಲ್ಲಿ ಕಟ್ಟಿ, ತೆಳು ಪ್ಲಾಸ್ಟಿಕ್ ಫಿಲ್ಮ್ ಹೊದಿಸಿಕೊಂಡೇ ಬರುವ ಎಆರ್‌ಎಫ್ (ಆಲ್ಮೋಸ್ಟ್ ರೆಡಿ ಟು ಫ್ಲೈ) ಇನ್ನೊಂದು. ಲೇಸರ್‌ನಲ್ಲಿ ಕತ್ತರಿಸಿದ ಬಾಲ್ಸಾ, ಪ್ಲೈವುಡ್ ತುಂಡುಗಳನ್ನು ನೀವೇ ಕೂಡಿಸುವ ಕಿಟ್ ಮೂರನೆಯದು. ನಕ್ಷೆ ಹರಡಿಕೊಂಡು ಫೋಮ್‌ಬೋರ್ಡಿನಲ್ಲಿ ಮೊದಲಿನಿಂದ ಕಟ್ಟುವುದು ನಾಲ್ಕನೆಯದು. ಸರಿಯಾಗಿ ಜೋಡಿಸಿದರೆ ನಾಲ್ಕೂ ಚೆನ್ನಾಗಿ ಹಾರುತ್ತವೆ. ನಿಮ್ಮ ಕೈಯಲ್ಲಿ ಯಾವುದು ಹೆಚ್ಚು ಸಲ ಹಾರೀತು ಎಂಬುದೇ ಆಯ್ಕೆಯ ಪ್ರಶ್ನೆ.

ಅದಕ್ಕೆ ಉತ್ತರ ಇರುವುದು ಎರಡು ರೆಕ್ಕೆಗಳ ನಡುವಿನ ಜಾಗದಲ್ಲಿ: ರೆಕ್ಕೆಗಳನ್ನು ಹಿಡಿದು ನಿಲ್ಲಿಸುವ ಕಂಬಗಳಾದ ಸ್ಟ್ರಟ್‌ಗಳು, ಅವುಗಳ ಬೋಲ್ಟ್‌ಗಳು, ತಂತಿಗಳು, ಸರ್ವೋಗಳ (ರೆಕ್ಕೆ, ಬಾಲದ ಚಲಿಸುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರ್‌ಗಳ) ವೈರ್‌ಗಳು. ಬಣ್ಣ, ಬ್ರ್ಯಾಂಡ್, ಮೋಟಾರ್ ಎಲ್ಲವನ್ನೂ ಆಮೇಲೆ ಬದಲಿಸಬಹುದು. ರೆಕ್ಕೆಗಳು ಕೂಡಿಕೊಳ್ಳುವ ರೀತಿಯನ್ನು ಬದಲಿಸುವುದು ಬಹಳ ಕಷ್ಟ. ಮೈದಾನದಲ್ಲಿ ಜೋಡಿಸಲು ನಲವತ್ತು ನಿಮಿಷ ಹಿಡಿಯುವ ವಿಮಾನ ಎಷ್ಟೇ ಚೆಂದವಿದ್ದರೂ ಕೊನೆಗೆ ಅಟ್ಟ ಸೇರುತ್ತದೆ.

ಮೊದಲು ಅಳತೆಗೋಲುಗಳು

ಮೈದಾನದಲ್ಲಿ ಹಿಡಿಯುವ ಹೊತ್ತನ್ನೇ ಮೊದಲು ಲೆಕ್ಕ ಹಾಕಿ. 1.2 ಮೀಟರ್ ಅಗಲದ ಸಾಮಾನ್ಯ ಬೈಪ್ಲೇನ್‌ನಲ್ಲಿ ಮೇಲಿನ ರೆಕ್ಕೆಯನ್ನು ಹೊತ್ತು ನಿಲ್ಲುವ ಕಬೇನ್ ಸ್ಟ್ರಟ್‌ಗಳಿಗೆ ನಾಲ್ಕು ಬೋಲ್ಟ್, ಕೆಳರೆಕ್ಕೆಗೆ ಎರಡು, ತುದಿಯ ಕಡೆಯ ಎರಡು ಸ್ಟ್ರಟ್‌ಗಳಿಗೆ ಎಂಟು ಸ್ಕ್ರೂ ಇರುತ್ತವೆ ಎಂದುಕೊಳ್ಳೋಣ. ಒಟ್ಟು ಹದಿನಾಲ್ಕು. ಹುಲ್ಲಿನಲ್ಲಿ ಒಂದು ಬಿದ್ದರೆ ಆ ದಿನದ ಹಾರಾಟ ಮುಗಿಯಿತು. ಎರಡೂ ರೆಕ್ಕೆಗಳನ್ನು ಬಿಚ್ಚದೆ ಒಂದೇ ಗೂಡಿನಂತೆ ಒಯ್ಯಲು ಬರುತ್ತದೆಯೇ, ಇಲ್ಲವೇ ಇಡೀ ವಿಮಾನವೇ ಕಾರಿನೊಳಗೆ ಹಿಡಿಸುತ್ತದೆಯೇ ಎಂದು ನೋಡಿ.

ಎರಡನೆಯದು ಮೂಗಿನ ಉದ್ದ ಮತ್ತು ತೂಕ. ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳಲ್ಲಿ ಭಾರವಾದ ಎಂಜಿನ್ ಪೈಲಟ್‌ನ ಮುಂದೆಯೇ ಕುಳಿತಿತ್ತು, ಹಾಗಾಗಿ ಮೂಗು ಮೊಂಡ. ಮಾಡೆಲ್‌ನಲ್ಲಿ ಮೋಟಾರ್ ಹಗುರ, ಮೂಗು ಮಾತ್ರ ಅಷ್ಟೇ ಮೊಂಡ. ಅದಕ್ಕೆ ಬಾಲ ಭಾರವಾಗುತ್ತದೆ, ಮುಂದೆ ಸೀಸ ತುಂಬಬೇಕಾಗುತ್ತದೆ.

ಮೂರನೆಯದು ನಿಮ್ಮ ಕೈ. ಎರಡು ರೆಕ್ಕೆ, ಸ್ಟ್ರಟ್, ತಂತಿ ಎಲ್ಲ ಗಾಳಿಯನ್ನು ತಡೆಯುತ್ತವೆ. ಥ್ರಾಟಲ್ ಇಳಿಸಿದ ಕೂಡಲೇ ವೇಗ ಕುಸಿಯುತ್ತದೆ. ಕಲಿಯುವವರ ಒಂದು ರೆಕ್ಕೆಯ ಟ್ರೈನರ್ ಮಾಡೆಲ್‌ನಂತೆ ಥ್ರಾಟಲ್ ಪೂರ್ತಿ ತೆಗೆದು ತೇಲಿಸಿಕೊಂಡು ಇಳಿಸಲು ಹೋದರೆ ಮೈದಾನದ ಅಂಚಿಗೂ ಬರುವುದಿಲ್ಲ. ಬೈಪ್ಲೇನ್ ಅನ್ನು ನೆಲ ಮುಟ್ಟುವವರೆಗೂ ಸ್ವಲ್ಪ ಥ್ರಾಟಲ್ ಇಟ್ಟೇ ಇಳಿಸಬೇಕು. ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ಇರುವ ಟ್ರೈನರ್ ಅನ್ನು ಸಲೀಸಾಗಿ ಏರಿಸಿ ಇಳಿಸುವವರಿಗಷ್ಟೇ ಇದು ಹೊಂದುತ್ತದೆ.

ಪೂರ್ತಿ ಖರ್ಚು, ಬಿದ್ದ ಮೇಲಿನ ರಿಪೇರಿ, ನಿಮ್ಮ ಇಷ್ಟದಂತೆ ಬದಲಿಸಲು ಇರುವ ಅವಕಾಶ ಇವೂ ಲೆಕ್ಕಕ್ಕೆ ಬರುತ್ತವೆ. ಖರ್ಚು ಎಂದರೆ ಪೆಟ್ಟಿಗೆಯ ಬೆಲೆ ಮಾತ್ರವಲ್ಲ. ಮೋಟಾರ್, ಅದರ ವೇಗ ನಿಯಂತ್ರಿಸುವ ಇಎಸ್‌ಸಿ, ಆರು ಸರ್ವೋ, ರಿಸೀವರ್, ಕನಿಷ್ಠ ಎರಡು ಬ್ಯಾಟರಿ, ಪ್ರೊಪೆಲ್ಲರ್‌ಗಳು, ಅಂಟು, ಫಿಲ್ಮ್ ಎಲ್ಲವನ್ನೂ ಕೂಡಿಸಿ ನೋಡಿದಾಗ ಬಾಲ್ಸಾ ಕಿಟ್ ಅಗ್ಗ ಎನ್ನುವ ನಂಬಿಕೆ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಫೋಮ್ ಮಾಡೆಲ್

ಇಪಿಒ ಫೋಮಿನಲ್ಲಿ ಅಚ್ಚು ಹಾಕಿದ ಈ ಮಾಡೆಲ್‌ಗಳಲ್ಲಿ ಮೋಟಾರ್, ಇಎಸ್‌ಸಿ, ಸರ್ವೋಗಳು ಕೂತೇ ಬರುತ್ತವೆ. ನೀವು ಹಾಕಬೇಕಾದದ್ದು ರಿಸೀವರ್ ಮತ್ತು ಬ್ಯಾಟರಿ. ಹಾರುವ ಸಮಯ ವಾರಕ್ಕೊಂದು ಮುಂಜಾನೆ ಮಾತ್ರ ಸಿಗುವವರಿಗೆ, ಇದು ಮೊದಲ ಬೈಪ್ಲೇನ್ ಆಗಿರುವವರಿಗೆ, ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಸಣ್ಣಪುಟ್ಟ ತಗ್ಗುಗಳು ಬಿಸಿನೀರು ಸುರಿದರೆ ಉಬ್ಬಿಕೊಳ್ಳುತ್ತವೆ. ಮುರಿದ ರೆಕ್ಕೆಯನ್ನು ಸಿಎ ಅಂಟು (ಸೂಪರ್ ಗ್ಲೂ) ಅಥವಾ ಫೋಮ್ ಅಂಟಿನಿಂದ ಮೈದಾನದಲ್ಲೇ ಸೇರಿಸಬಹುದು. ಒಂದು ಎಚ್ಚರ: ಸಾಮಾನ್ಯ ಸಿಎ ಇಪಿಒಗೆ ಆಗುತ್ತದೆ, ಬಿಳಿ ಥರ್ಮಾಕೋಲ್ ಜಾತಿಯ ಇಪಿಎಸ್ ಅನ್ನು ಕರಗಿಸಿಬಿಡುತ್ತದೆ. ಯಾವ ಫೋಮ್ ಎಂದು ತಿಳಿಯದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

ಇದರ ದುರ್ಬಲ ಜಾಗ ಸ್ಟ್ರಟ್ ಕೂರುವ ಪ್ಲಾಸ್ಟಿಕ್ ತಟ್ಟೆ. ಫೋಮಿನೊಳಗೆ ಅಂಟಿಸಿದ ಈ ತಟ್ಟೆ ಹತ್ತಾರು ಸಲ ಬಿಗಿದು ಬಿಚ್ಚಿದ ಮೇಲೆ ಅಲುಗಾಡುತ್ತದೆ. ವಿಮಾನ ಮಗುಚಿದರೆ ಸುತ್ತಲಿನ ಫೋಮನ್ನೂ ಕಿತ್ತುಕೊಂಡು ಬರುತ್ತದೆ. ಹೊಸದಿರುವಾಗಲೇ ತಟ್ಟೆಯ ಅಂಚಿಗೆ ತೆಳುವಾಗಿ ಇಪೋಕ್ಸಿ ಹರಿಸಿಟ್ಟರೆ ಆಯಸ್ಸು ಹೆಚ್ಚುತ್ತದೆ. ಬಿಸಿಲಿಗೆ ನಿಂತ ಮುಚ್ಚಿದ ಕಾರಿನಲ್ಲಿ ಗಾಢ ಬಣ್ಣದ ಫೋಮ್ ರೆಕ್ಕೆ ಸೊಟ್ಟಗಾಗುತ್ತದೆ, ಇದನ್ನಂತೂ ಮರೆಯಬೇಡಿ.

ಬದಲಾವಣೆಗೆ ಇಲ್ಲಿ ಜಾಗ ಕಡಿಮೆ. ಬಣ್ಣ ಬಳಿಯಬಹುದು, ಹುಲ್ಲಿನಲ್ಲಿ ಮೂಗು ಮಗುಚದಂತೆ ಚಕ್ರ ದೊಡ್ಡದು ಮಾಡಬಹುದು, ಪ್ರೊಪೆಲ್ಲರ್ ಬದಲಿಸಬಹುದು. ದೊಡ್ಡ ಮೋಟಾರ್ ಹಾಕಲು ಹೋದರೆ ಮೋಟಾರ್ ಕೂರುವ ಪ್ಲಾಸ್ಟಿಕ್ ಕಟ್ಟು ತಾಳುವುದಿಲ್ಲ.

ಎಆರ್‌ಎಫ್

ಕಟ್ಟುವ ತಾಳ್ಮೆ ಇಲ್ಲ, ಆದರೆ ಬಾಲ್ಸಾದ ಬಿಗಿ ಮತ್ತು ಅಂದ ಬೇಕು ಎನ್ನುವವರಿಗೆ ಇದು. ಹತ್ತರಿಂದ ಇಪ್ಪತ್ತು ಗಂಟೆಯ ಕೆಲಸ. ಎಲೆಕ್ಟ್ರಾನಿಕ್ಸ್ ಪ್ರತ್ಯೇಕವಾಗಿ ಕೊಳ್ಳಬೇಕಾದ್ದರಿಂದ ನಾಲ್ಕರಲ್ಲಿ ಜೇಬಿಗೆ ಹೆಚ್ಚು ಭಾರವಾಗುವುದು ಸಾಮಾನ್ಯವಾಗಿ ಇದೇ.

ಪೆಟ್ಟಿಗೆ ಬಂದ ದಿನ ಜೋಡಿಸಲು ಕೂರಬೇಡಿ, ಮೊದಲು ಪರೀಕ್ಷೆ ಮಾಡಿ. ಮೋಟಾರ್ ಕೂರುವ ಫೈರ್‌ವಾಲ್ ಮತ್ತು ಲ್ಯಾಂಡಿಂಗ್ ಗೇರ್‌ನ ಪ್ಲೈವುಡ್ ಪಟ್ಟಿ, ಈ ಎರಡರ ಅಂಟು ಕಾರ್ಖಾನೆಯಲ್ಲಿ ಒಣಕಲಾಗಿ ಉಳಿದಿರುವುದು ಹೊಸತೇನಲ್ಲ. ಒಳಮೂಲೆಗಳಿಗೆ 30 ನಿಮಿಷದ ಇಪೋಕ್ಸಿ ಹಚ್ಚಿ. 5 ನಿಮಿಷದ್ದು ಮರದೊಳಗೆ ಇಳಿಯುವ ಮೊದಲೇ ಗಟ್ಟಿಯಾಗುತ್ತದೆ. ಹಿಂಜ್‌ಗಳನ್ನು ಒಂದೊಂದಾಗಿ ಎಳೆದು ನೋಡಿ. ಫಿಲ್ಮ್ ಸುಕ್ಕಾಗಿದ್ದರೆ ಮೊದಲು ಅಂಚುಗಳನ್ನು ಕಡಿಮೆ ಶಾಖದಲ್ಲಿ ಒತ್ತಿ ಅಂಟಿಸಿ, ಆಮೇಲೆ ನಡುವನ್ನು ಹೆಚ್ಚು ಶಾಖದಲ್ಲಿ ಬಿಗಿ ಮಾಡಿ. ಈ ಕ್ರಮ ತಿರುಗಿಸಿದರೆ ಅಂಚು ಬಿಟ್ಟುಕೊಂಡು ಬರುತ್ತದೆ.

ಇನ್ನೊಂದು ವಿಷಯವನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ತಯಾರಕರು ಆ ಮಾಡೆಲ್ ನಿಲ್ಲಿಸಿದರೆ ಬಿಡಿಭಾಗ ಸಿಗುವುದಿಲ್ಲ. ನಕ್ಷೆಯೂ ನಿಮ್ಮ ಬಳಿ ಇರುವುದಿಲ್ಲ. ರೆಕ್ಕೆಗೆ ಆಕಾರ ಕೊಡುವ ಒಳಪಟ್ಟಿಯಾದ ಪಕ್ಕೆಯ ಆಕಾರವನ್ನು ಮುರಿದ ತುಂಡಿನಿಂದಲೇ ಅಳೆದು ಮಾಡಿಕೊಳ್ಳಬೇಕು.

ಬಾಲ್ಸಾ ಕಿಟ್

ಒಂದು ರೆಕ್ಕೆಯ ಕಿಟ್‌ಗೆ 24 ಪಕ್ಕೆಗಳಾದರೆ ಇಲ್ಲಿ 48. ಫಿಲ್ಮ್ ಹೊದಿಸುವ ಮೈಯೂ ಇಮ್ಮಡಿ. ಕಟ್ಟುವುದೇ ನಿಮಗೆ ಸಂತೋಷ ಕೊಡುತ್ತದೆ ಎಂದಾದರೆ ಮಾತ್ರ ಕೈ ಹಾಕಿ. ದುಡ್ಡು ಉಳಿಸಲೆಂದು ಹಾಕಬೇಡಿ. ಹಲವು ತಿಂಗಳ ರಜಾದಿನಗಳು ಇದಕ್ಕೇ ಹೋಗುತ್ತವೆ.

ಆದರೆ ನಿಮ್ಮ ಇಚ್ಛೆಯಂತೆ ಬದಲಿಸುವ ಸ್ವಾತಂತ್ರ್ಯ ಪೂರ್ತಿಯಾಗಿ ಸಿಗುವುದು ಇಲ್ಲೇ. ಫೈರ್‌ವಾಲ್ ಅಂಟಿಸುವ ಮೊದಲೇ ಅದನ್ನು ಸೆಂಟಿಮೀಟರ್ ಮುಂದೆ ಸರಿಸಬಹುದು. ಬ್ಯಾಟರಿಯ ತಟ್ಟೆಯನ್ನು ಮೋಟಾರಿನ ಕೆಳಗೇ ಚಾಚಬಹುದು. ಮೇಲಿನಿಂದ ತೆರೆಯುವ ಬಾಗಿಲು ಇಟ್ಟರೆ ಬ್ಯಾಟರಿ ಬದಲಿಸಲು ರೆಕ್ಕೆ ಬಿಚ್ಚುವ ಕಷ್ಟ ತಪ್ಪುತ್ತದೆ. ಸ್ಟ್ರಟ್‌ಗಳನ್ನು ರೆಕ್ಕೆಗೆ ಕಾಯಂ ಆಗಿ ಬಿಗಿದು, ಇಡೀ ಗೂಡನ್ನು ಆರು ಬೋಲ್ಟ್‌ಗಳಲ್ಲಿ ಕೂರಿಸುವಂತೆ ಮಾಡಿಕೊಳ್ಳಬಹುದು. ಇದೆಲ್ಲವನ್ನೂ ಕಾಗದದ ಮೇಲೆ ಬರೆದುಕೊಂಡೇ ಮೊದಲ ಅಂಟಿನ ಹನಿ ಹಾಕಿ. ಹೊದಿಕೆ ಹಾಕಿದ ಮೇಲೆ ಹೊಳೆದ ಉಪಾಯ ಉಪಯೋಗಕ್ಕೆ ಬರುವುದಿಲ್ಲ.

ಫೋಮ್‌ಬೋರ್ಡ್

5 ಮಿಲಿಮೀಟರ್ ಫೋಮ್‌ಬೋರ್ಡ್, ಹಾಟ್ ಗ್ಲೂ, ಬಿದಿರಿನ ಕಡ್ಡಿ, ಚೂಪಾದ ಬ್ಲೇಡ್ ಇಷ್ಟರಲ್ಲಿ ಒಂದು ವಾರಾಂತ್ಯಕ್ಕೆ ವಿಮಾನ ಎದ್ದು ನಿಲ್ಲುತ್ತದೆ. ಬೈಪ್ಲೇನ್ ನನಗೆ ಒಗ್ಗುತ್ತದೆಯೇ ಎಂಬ ಅನುಮಾನವಿರುವವರು, ಕೈಯಲ್ಲಿ ಹಳೆಯ ಮೋಟಾರ್, ಸರ್ವೋ ಇಟ್ಟುಕೊಂಡಿರುವವರು ಇಲ್ಲಿಂದ ಶುರು ಮಾಡುವುದು ಜಾಣತನ. ಬಿದ್ದರೆ ಎಲೆಕ್ಟ್ರಾನಿಕ್ಸ್ ಬಿಚ್ಚಿ ಹೊಸ ಮೈಗೆ ಹಾಕುವುದು, ಅಷ್ಟೇ. ಮೇಲಿನ ಕಾಗದ ತೇವ ಹೀರಿ ಬಿಟ್ಟುಕೊಳ್ಳುತ್ತದೆ; ಇಬ್ಬನಿಯ ಹುಲ್ಲಿನಲ್ಲಿ ಇಳಿಸುವುದಾದರೆ ಅಡಿಭಾಗಕ್ಕೆ ಪ್ಯಾಕಿಂಗ್ ಟೇಪ್ ಹಚ್ಚಿ. ಹಾಟ್ ಗ್ಲೂ ಧಾರಾಳವಾಗಿ ಸುರಿದರೆ, ಅದರಲ್ಲೂ ಬಾಲದ ಕಡೆ, ತೂಕ ಕೈಮೀರುತ್ತದೆ.

ಯಾವ ವಿಮಾನದ ಮಾಡೆಲ್?

ಕಟ್ಟುವ ಬಗೆಯಷ್ಟೇ ಇದೂ ಮುಖ್ಯ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ನಿಧಾನಕ್ಕೆ, ಸೌಮ್ಯವಾಗಿ ಹಾರುವ ಮಾಡೆಲ್ ಆಗುತ್ತದೆ. ಅದರ ಮೂಗು ಉದ್ದ, ಹಾಗಾಗಿ ತೂಕ ಸರಿದೂಗಿಸುವುದು ಸುಲಭ. ಐಲೆರಾನ್ ಕೆಳರೆಕ್ಕೆಯಲ್ಲಿ ಮಾತ್ರ ಇರುವುದರಿಂದ ಎರಡು ಸರ್ವೋ ಸಾಕು. ತಿರುವಿನಲ್ಲಿ ರಡ್ಡರ್ (ಬಾಲದ ಚುಕ್ಕಾಣಿ) ಕೊಡದಿದ್ದರೆ ಮೂಗು ಎದುರು ದಿಕ್ಕಿಗೆ ಎಳೆಯುತ್ತದೆ, ಅಷ್ಟು ಕಲಿತರೆ ಆಯಿತು. ಬೋಯಿಂಗ್-ಸ್ಟಿಯರ್‌ಮನ್ 75ರ ದುಂಡು ಮೂಗಿನೊಳಗೆ ಬ್ಯಾಟರಿಗೆ ಧಾರಾಳ ಜಾಗವಿದೆ. ಚಕ್ರಗಳ ನಡುವಿನ ಅಂತರ ಕಡಿಮೆ, ನೆಲದ ಮೇಲೆ ಓಡುವಾಗ ಗಿರಕಿ ಹೊಡೆಯುವ ಚಾಳಿ ಇದೆ.

1944ರಲ್ಲಿ ಮೊದಲು ಹಾರಿದ ಪಿಟ್ಸ್ ಸ್ಪೆಷಲ್ ಕಸರತ್ತಿಗೆಂದೇ ಹುಟ್ಟಿದ್ದು. ಬಾಲ ಹತ್ತಿರ, ರೆಕ್ಕೆ ಚಿಕ್ಕದು. ಟ್ರಾನ್ಸ್‌ಮಿಟರ್‌ನ ಕೋಲು ಮುಟ್ಟಿದರೆ ಉರುಳುತ್ತದೆ. ಅದನ್ನು ಎರಡನೆಯ ಬೈಪ್ಲೇನ್ ಮಾಡಿಕೊಳ್ಳಿ. ಸಾಪ್‌ವಿತ್ ಕ್ಯಾಮೆಲ್ ನೋಡಲು ಮನಸೆಳೆಯುತ್ತದೆ, ಆದರೆ ಮೊಂಡ ಮೂಗಿನ ತೊಂದರೆ ಪೂರ್ತಿಯಾಗಿ ಇರುವುದು ಅದರಲ್ಲೇ. ಯುದ್ಧಕಾಲದ ವಿಮಾನವೇ ಬೇಕೆಂದರೆ ಎಸ್‌ಇ-5ಎ ನೋಡಿ. ಎರಡೂ ರೆಕ್ಕೆಗಳ ತುದಿ ಎದ್ದುಕೊಂಡಿರುವುದರಿಂದ ತಾನಾಗಿ ಸಮಕ್ಕೆ ಬರುತ್ತದೆ, ಮೂಗೂ ಉದ್ದ. 1918ರ ಫೋಕರ್ ಡಿ-7 ಕೂಡ ಒಳ್ಳೆಯದು: ದಪ್ಪ ರೆಕ್ಕೆಯ ಆ ವಿಮಾನಕ್ಕೆ ರೆಕ್ಕೆಗಳ ನಡುವೆ ಬಿಗಿತಂತಿಗಳೇ ಇರಲಿಲ್ಲ. ತಂತಿ ಕಟ್ಟುವ ಕೆಲಸವಿಲ್ಲದೆಯೇ ಮಾಡೆಲ್ ನಿಜಕ್ಕೆ ಹತ್ತಿರವಾಗಿರುತ್ತದೆ.

ಜೋಡಣೆಯಲ್ಲಿ ತಪ್ಪುವ ಜಾಗ

ಯಾವುದನ್ನೇ ಆರಿಸಿ, ಎರಡು ಕೆಲಸ ತಪ್ಪಿಸುವಂತಿಲ್ಲ.

ಒಂದು, ರೆಕ್ಕೆಗಳ ಕೋನ. ವಿಮಾನವನ್ನು ಮೇಜಿನ ಮೇಲೆ ಇಟ್ಟು, ಬಾಲದ ಅಡ್ಡರೆಕ್ಕೆ ಸೊನ್ನೆ ತೋರಿಸುವಂತೆ ಎತ್ತರ ಹೊಂದಿಸಿ. ಡಿಜಿಟಲ್ ಕೋನಮಾಪಕದಿಂದ ಕೆಳರೆಕ್ಕೆಯ ಬುಡ, ಸ್ಟ್ರಟ್ ಬಳಿ, ಮೇಲಿನ ರೆಕ್ಕೆಯ ಬುಡ, ಸ್ಟ್ರಟ್ ಬಳಿ ಹೀಗೆ ಎರಡೂ ಪಕ್ಕ ಸೇರಿ ಎಂಟು ಅಳತೆ ಬರೆದುಕೊಳ್ಳಿ. ಮೇಲಿನದಕ್ಕೂ ಕೆಳಗಿನದಕ್ಕೂ ಎಷ್ಟು ವ್ಯತ್ಯಾಸ ಇರಬೇಕೆಂಬುದನ್ನು ನಕ್ಷೆ ಹೇಳುತ್ತದೆ, ಅದನ್ನು ಪಾಲಿಸಿ. ಎಡಕ್ಕೂ ಬಲಕ್ಕೂ ಮಾತ್ರ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಈಗ ಸ್ಟ್ರಟ್ ಸ್ಕ್ರೂ ಬಿಗಿದು ಮತ್ತೆ ಅಳೆಯಿರಿ. ತಪ್ಪು ಸಿಕ್ಕಿಬೀಳುವುದು ಇಲ್ಲಿ. ಸ್ಟ್ರಟ್‌ನ ತೂತು 2 ಮಿಲಿಮೀಟರ್ ಆಚೀಚೆ ಇದ್ದರೂ ಸ್ಕ್ರೂ ಬಿಗಿದಂತೆ ರೆಕ್ಕೆ ತಿರುಚಿಕೊಳ್ಳುತ್ತದೆ. ವೇಗವಾಗಿ ಹಾರುವಾಗ ಟ್ರಿಮ್‌ನಿಂದ (ಟ್ರಾನ್ಸ್‌ಮಿಟರ್‌ನ ಸಣ್ಣ ಹೊಂದಾಣಿಕೆಯಿಂದ) ಅದನ್ನು ಮುಚ್ಚಬಹುದು; ಇಳಿಸುವಾಗ, ವೇಗ ಕಡಿಮೆಯಾದ ಹೊತ್ತಿಗೆ, ತಿರುಚಿದ ಕಡೆಯ ರೆಕ್ಕೆ ಫಕ್ಕನೆ ಕೆಳಗೆ ಬೀಳುತ್ತದೆ. ಎಳೆದು ಬಿಗಿಯಬೇಡಿ. ಸಣ್ಣ ಅರದಿಂದ ತೂತನ್ನು ಉದ್ದಕ್ಕೆ ತೀಡಿ, ರೆಕ್ಕೆ ಸಹಜವಾಗಿ ಕೂತ ಜಾಗದಲ್ಲೇ ಸ್ಕ್ರೂ ಹಾಕಿ, ವಾಷರ್ ಕೊಡಿ.

ಇನ್ನೊಂದು ಗುರುತ್ವಕೇಂದ್ರ. ಮೇಲಿನ ರೆಕ್ಕೆ ಮುಂದೆ, ಕೆಳಗಿನದು ಹಿಂದೆ ಇರುವಾಗ ಯಾವುದರಿಂದ ಅಳೆಯುವುದು ಎಂದು ಗೊಂದಲವಾಗುತ್ತದೆ. ಎರಡೂ ರೆಕ್ಕೆಗಳ ಹರವು ಹೆಚ್ಚುಕಡಿಮೆ ಸಮವಾಗಿದ್ದರೆ ಲೆಕ್ಕ ಸುಲಭ. ರೆಕ್ಕೆಯ ಅಡ್ಡ ಅಳತೆ (ಮುಂದಂಚಿನಿಂದ ಹಿಂದಂಚಿಗೆ) 200 ಮಿಲಿಮೀಟರ್, ಕೆಳರೆಕ್ಕೆ 60 ಮಿಲಿಮೀಟರ್ ಹಿಂದಿದೆ ಎನ್ನಿ. ಎರಡರ ಸರಾಸರಿ ಮುಂದಂಚು ಮೇಲಿನ ರೆಕ್ಕೆಯ ಮುಂದಂಚಿನಿಂದ 30 ಮಿಲಿಮೀಟರ್ ಹಿಂದೆ ಬರುತ್ತದೆ. ಅಲ್ಲಿಂದ 200ರ ಶೇಕಡಾ 25, ಅಂದರೆ 50. ಒಟ್ಟು 80 ಮಿಲಿಮೀಟರ್. ಮೊದಲ ಹಾರಾಟಕ್ಕೆ ಇಲ್ಲಿಯೇ ಇಡಿ, ಆಮೇಲೆ ಬೇಕಾದರೆ ನಾಲ್ಕೈದು ಮಿಲಿಮೀಟರ್ ಹಿಂದೆ ಸರಿಸಿ.

ಮೋಟಾರೋ, ಎಂಜಿನ್ನೋ?

ಬ್ಯಾಟರಿಯನ್ನು ಮುಂದಕ್ಕೆ ಹಿಂದಕ್ಕೆ ಸರಿಸಿ ತೂಕ ಹೊಂದಿಸಬಹುದು ಎಂಬ ಒಂದೇ ಕಾರಣಕ್ಕೆ 1.5 ಮೀಟರ್‌ವರೆಗಿನ ಬೈಪ್ಲೇನ್‌ಗೆ ಎಲೆಕ್ಟ್ರಿಕ್ ಮೋಟಾರೇ ಸೂಕ್ತ. ಗ್ಲೋ ಎಂಜಿನ್, ಅದರಲ್ಲೂ ಫೋರ್-ಸ್ಟ್ರೋಕ್, ಹೊರಡಿಸುವ ಸದ್ದು ಹಳೆಯ ವಿಮಾನಕ್ಕೆ ನಿಜಕ್ಕೂ ಒಪ್ಪುತ್ತದೆ; ಭಾರವಾದ್ದರಿಂದ ಮೊಂಡ ಮೂಗಿಗೆ ಸೀಸ ತುಂಬುವುದೂ ಉಳಿಯುತ್ತದೆ. ಆದರೆ ಪ್ರತಿ ಹಾರಾಟದ ನಂತರ ಸ್ಟ್ರಟ್, ತಂತಿ, ಎರಡೂ ರೆಕ್ಕೆಗಳ ಸಂದಿಗಳಿಂದ ಎಣ್ಣೆ ಒರೆಸುತ್ತಾ ಕೂರಬೇಕು. ಪೆಟ್ರೋಲ್ ಎಂಜಿನ್ ದೊಡ್ಡ, ಭಾರದ ಮಾಡೆಲ್‌ಗಳ ಮಾತು.

ಎಲೆಕ್ಟ್ರಿಕ್‌ಗೆ ಒಂದು ಲೆಕ್ಕ ನೋಡಿ. ಹಾರಲು ಸಿದ್ಧವಾದ ತೂಕ 1.8 ಕೆಜಿ, ಎರಡೂ ರೆಕ್ಕೆಗಳ ಹರವು 46 ಚದರ ಡೆಸಿಮೀಟರ್. ಅಂದರೆ ಚದರ ಡೆಸಿಮೀಟರ್‌ಗೆ ಸುಮಾರು 39 ಗ್ರಾಂ, ಒಳ್ಳೆಯ ಅಂಕಿ. ಸೌಮ್ಯ ಹಾರಾಟಕ್ಕೆ ಕೆಜಿಗೆ 200ರಿಂದ 220 ವಾಟ್, ಕಸರತ್ತಿಗೆ 300ರ ಮೇಲೆ ಬೇಕು. ಇಲ್ಲಿ 400 ವಾಟ್ ಎಂದುಕೊಂಡರೆ 4 ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯಲ್ಲಿ 28ರಿಂದ 30 ಆಂಪಿಯರ್. 700 ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ 700 ಸುತ್ತು) ಆಸುಪಾಸಿನ ಮೋಟಾರ್, 13×6.5 ಇಂಚಿನ ಪ್ರೊಪೆಲ್ಲರ್, 50 ಆಂಪಿಯರ್ ಇಎಸ್‌ಸಿ, 3300 ಎಂಎಎಚ್ ಬ್ಯಾಟರಿ ಇದಕ್ಕೆ ಹೊಂದುತ್ತವೆ. ಬ್ಯಾಟರಿಯ ಶೇಕಡಾ 80 ಮಾತ್ರ ಬಳಸುವುದೆಂದರೆ ಟೈಮರ್ 8 ನಿಮಿಷಕ್ಕೆ ಇಡಿ. ಬೈಪ್ಲೇನ್‌ಗೆ ವೇಗಕ್ಕಿಂತ ಎಳೆತ ಬೇಕು, ಆದ್ದರಿಂದ ವ್ಯಾಸ ಹೆಚ್ಚಿರುವ, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಆರಿಸಿ. ವಾಟ್‌ಮೀಟರ್ ಹಚ್ಚಿ ನೋಡದೆ ಮೊದಲ ಹಾರಾಟಕ್ಕೆ ಹೋಗಬೇಡಿ.

ರಿಸೀವರ್, ಸರ್ವೋಗಳಿಗೆ ವಿದ್ಯುತ್ ಕೊಡುವ, ಇಎಸ್‌ಸಿಯೊಳಗಿನ ಬಿಇಸಿಯನ್ನೂ ವಿಚಾರಿಸಿ. ನಾಲ್ಕು ಐಲೆರಾನ್ ಸರ್ವೋ ಹಾಕಿದರೆ ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ), ರಡ್ಡರ್ ಸೇರಿ ಆರಾಗುತ್ತವೆ. 4 ಸೆಲ್‌ನಲ್ಲಿ ಲೀನಿಯರ್ ಬಿಇಸಿ ಕಾದು ಕೈಕೊಟ್ಟರೆ ರಿಸೀವರ್ ಗಾಳಿಯಲ್ಲೇ ಆರಿಹೋಗುತ್ತದೆ. 5 ಆಂಪಿಯರ್‌ನ ಸ್ವಿಚಿಂಗ್ ಬಿಇಸಿ ಇರಲಿ. ಇಲ್ಲವಾದರೆ ಕೆಳರೆಕ್ಕೆಗೆ ಎರಡೇ ಸರ್ವೋ ಹಾಕಿ, ಮೇಲಿನ ಐಲೆರಾನ್‌ಗೆ ಕಾರ್ಬನ್ ಕಡ್ಡಿಯಿಂದ ಕೊಂಡಿ ಕೊಡಿ. ಹಗುರ, ಸರಳ, ಮೇಲಿನ ರೆಕ್ಕೆಗೆ ವೈರ್ ಎಳೆಯುವ ಕೆಲಸವೂ ಇಲ್ಲ. ಕೊಂಡಿಯಲ್ಲಿ ಸಡಿಲ ಇರಬಾರದು, ಅಷ್ಟೇ. ಕಸರತ್ತಿನ ಪಿಟ್ಸ್ ಆದರೆ ನಾಲ್ಕು ಸರ್ವೋನೇ ಸರಿ.

ಅಂದಕ್ಕೆ ಎಷ್ಟು ಗ್ರಾಂ?

ಅಲಂಕಾರಕ್ಕೆ ಹೊರಡುವ ಮುನ್ನ ಬಾಲದ ಲೆಕ್ಕ ನೆನಪಿರಲಿ. ಗುರುತ್ವಕೇಂದ್ರದಿಂದ 700 ಮಿಲಿಮೀಟರ್ ಹಿಂದೆ 10 ಗ್ರಾಂ ಬಣ್ಣ ಬಳಿದರೆ, 230 ಮಿಲಿಮೀಟರ್ ಮುಂದಿನ ಮೂಗಿಗೆ 30 ಗ್ರಾಂ ಸೀಸ ಬೇಕು. ವಿಮಾನ 40 ಗ್ರಾಂ ಹೆಚ್ಚಿತು. ಅದಕ್ಕೇ ಖರ್ಚೂ ತೂಕವೂ ಮೂಗಿನ ಕಡೆಗಿರಲಿ: ಸುಳ್ಳು ಎಂಜಿನ್, ಕೌಲ್‌ನ (ಮೂಗಿನ ಹೊದಿಕೆಯ) ವಿವರ. ಎಂಜಿನ್ ಅಲಂಕಾರದ ನಡುವೆ ಗಾಳಿ ಒಳಗೆ ಬರುವ ಕಿಂಡಿ ಬಿಡಿ. ಬಿಸಿಗಾಳಿ ಹೊರಹೋಗುವ ಕಿಂಡಿ ಅದಕ್ಕಿಂತ ದೊಡ್ಡದಿರಲಿ.

ತಂತಿಗಳಲ್ಲಿ ಎರಡು ಆಯ್ಕೆ. ಮಣಿ ಪೋಣಿಸುವ ಕಪ್ಪು ಎಲಾಸ್ಟಿಕ್ ದಾರವನ್ನು ಸಣ್ಣ ಕೊಕ್ಕೆಗೆ ಸಿಕ್ಕಿಸಿದರೆ ಹತ್ತು ಹೆಜ್ಜೆ ದೂರದಿಂದ ನಿಜವಾದ ತಂತಿಯಂತೆಯೇ ಕಾಣುತ್ತದೆ, ಬಿಚ್ಚಲು ಅರೆ ನಿಮಿಷ ಸಾಕು. ಉಕ್ಕಿನ ತಂತಿ, ಅದರ ತುದಿಗೆ ಕ್ಲೆವಿಸ್ ಎಂಬ ಕೊಂಡಿ ಹಾಕಿದರೆ ರೆಕ್ಕೆಯ ಗೂಡು ಗಟ್ಟಿಯಾಗುತ್ತದೆ, ಆದರೆ ಒಂದು ತಂತಿ ಹೆಚ್ಚು ಬಿಗಿಯಾದರೂ ಮೇಲೆ ಹೇಳಿದ ತಿರುಚು ಮತ್ತೆ ಬರುತ್ತದೆ. ರೆಕ್ಕೆಗಳನ್ನು ಬಿಚ್ಚದೆ ಇಡುವವರಷ್ಟೇ ಉಕ್ಕಿಗೆ ಹೋಗಲಿ.

ಇನ್ನೂ ಮನಸ್ಸು ತೂಗುತ್ತಿದ್ದರೆ ಒಂದು ರಟ್ಟಿನ ಹಾಳೆ ತೆಗೆದುಕೊಳ್ಳಿ. ನೀವು ನೋಡಿಟ್ಟ ಮಾಡೆಲ್‌ನ ರೆಕ್ಕೆಯ ಉದ್ದಗಲಕ್ಕೆ ಎರಡು ತುಂಡು ಕತ್ತರಿಸಿ, ನಕ್ಷೆಯಲ್ಲಿರುವ ಅಂತರಕ್ಕೆ ನಾಲ್ಕು ಕಡ್ಡಿ ಕೊಟ್ಟು ನಿಲ್ಲಿಸಿ, ಕಾರಿನ ಹಿಂಬಾಗಿಲಿನಿಂದ ಒಳಗೆ ತೂರಿಸಿ ನೋಡಿ. ಸಲೀಸಾಗಿ ಹೋದರೆ ಎಆರ್‌ಎಫ್, ಕಿಟ್ ಎರಡೂ ನಿಮಗೆ ತೆರೆದಿವೆ. ಹೋಗದಿದ್ದರೆ 1 ಮೀಟರ್‌ನ ಫೋಮ್ ಮಾಡೆಲ್ ಅಳತೆಗೆ ರಟ್ಟನ್ನು ಕತ್ತರಿಸಿ ಮತ್ತೊಮ್ಮೆ ತೂರಿಸಿ.